ಬಾಯಿ ಬಿಟ್ಟು ಹೇಳಿ...

ತುಂಬಾ ದಿನವಾಯ್ತು ಇಲ್ಲಿ ಬರೆಯದೆ. ಕೆಲವರು ಮೇಲ್ ಮಾಡಿ "ಎಲ್ಲಿ ಕಾಣೆಯಾದ್ರಿ?" ಅಂತ ಕೇಳಿದ್ರಿ. "ಮನೆ ಕಡೆ ಸ್ವಲ್ಪ ಕೆಲಸ" ಅಂತ ಸುಳ್ಳು ಬರೆದಿದ್ದೆ. ಕ್ಷಮಿಸಿ. ನಿಜ ಏನೆಂದರೆ ನಾನು ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದೆ. ಈ ಒಂದು ವಾಕ್ಯ ಬರೆಯೋದಕ್ಕೆ ನನಗೆ ಎರಡು ವರ್ಷ ಬೇಕಾಯ್ತು ನೋಡಿ.

ಚಿಕಿತ್ಸೆಯ ದೊಡ್ಡ ಭಾಗ ಮುಗಿದಿದೆ. ಈಗ ಅಜೆಕಾರು ಪೇಟೆಯಲ್ಲಿ ಸಿಕ್ಕಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಇದರಿಂದ ಜೀವನದಲ್ಲಿ ಏನು ಕಲಿತ್ರಿ ಟೀಚರ್?"

ಮೊದಮೊದಲು ಸಿಟ್ಟು ಬರುತ್ತಿತ್ತು. ಮಲೇರಿಯಾ ಬಂದವರ ಹತ್ತಿರ ಯಾರಾದರೂ ಹೀಗೆ ಕೇಳ್ತಾರಾ? ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡವರ ಹತ್ತಿರ? ಕ್ಯಾನ್ಸರ್ ಅಂದ ಕೂಡಲೇ ಅದೊಂದು ಪಾಠಶಾಲೆ, ಅಲ್ಲಿಂದ ಪಾಸಾಗಿ ಬಂದವರು ಜ್ಞಾನಿಗಳು ಅಂತ ನಮ್ಮ ಜನಕ್ಕೆ ಯಾಕೆ ಅನ್ನಿಸುತ್ತದೋ! ಹಾಗಾದರೆ ಬದುಕಿ ಬಾರದವರು ನಪಾಸಾದವರಾ?

ಈ ಪ್ರಶ್ನೆ ಬಂದಾಗಲೆಲ್ಲ ಒಬ್ಬರ ನೆನಪಾಗುತ್ತದೆ. ಕೀಮೋ ಹಾಕಿಸಿಕೊಳ್ಳುವ ದಿನ ಎಷ್ಟೋ ಸಲ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವರು. ಹೆಬ್ರಿ ಕಡೆಯವರು, ಬೀಡಿ ಕಟ್ಟುತ್ತಿದ್ದರು. ಡ್ರಿಪ್ ಹಾಕಿದ ಕೈಯನ್ನು ಹಾಗೇ ಇಟ್ಟುಕೊಂಡು ಇನ್ನೊಂದು ಕೈಯ ಬೆರಳುಗಳನ್ನು ಬೀಡಿ ಸುತ್ತುವ ಹಾಗೆ ತಿರುಗಿಸುತ್ತಾ ಇರುವುದು ಅವರ ಅಭ್ಯಾಸ. ಗಡ್ಡೆ ಹುಣ್ಣಾಗಿ ವಾಸನೆ ಬಂದ ಮೇಲೆ ಅವರು ಆಸ್ಪತ್ರೆಗೆ ಬಂದದ್ದು. "ಗಂಡಸು ಡಾಕ್ಟ್ರಿಗೆ ತೋರಿಸ್ಲಿಕ್ಕೆ ನಾಚಿಕೆ ಆಯ್ತು. ಮತ್ತೆ ದುಡ್ಡು ಎಲ್ಲಿಂದ ತರುವುದು ಅಂತ ಸುಮ್ಮನೆ ಕೂತೆ" ಅಂದಿದ್ದರು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಖರ್ಚು ಭರಿಸುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ 2018ರಿಂದಲೇ ಇದೆ. ಅದು ಅವರಿಗೆ ಗೊತ್ತಾದದ್ದು ಆಸ್ಪತ್ರೆಗೆ ಬಂದ ಮೇಲೆ. ನನ್ನ ಆರನೇ ಕೀಮೋ ದಿನ ಆ ಕುರ್ಚಿಯಲ್ಲಿ ಬೇರೆ ಯಾರೋ ಇದ್ದರು. ನರ್ಸಮ್ಮನನ್ನು ಕೇಳಿದೆ. ಅವರು ತಲೆ ಅಲ್ಲಾಡಿಸಿ ಮುಂದೆ ಹೋದರು.

ಆಗ ನನಗೆ ಅನ್ನಿಸಿದ್ದು, ಅವರಿಗೂ ನನಗೂ ಏನು ವ್ಯತ್ಯಾಸ? ಬಿಎಡ್ ಓದಿದ ನಾನು ಮಾಡಿದ್ದಾದರೂ ಏನು?

2023ರ ಆಟಿ. ಹೊರಗೆ ಧೋ ಅಂತ ಮಳೆ. ಸ್ನಾನ ಮಾಡುವಾಗ ಕೈಗೆ ಗೇರುಬೀಜದಷ್ಟು ಗಟ್ಟಿ ಗಂಟೊಂದು ಸಿಕ್ಕಿತು. ನೋವಿಲ್ಲ. ನೋವಿಲ್ಲ ಅಂದರೆ ಏನೂ ಇಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. (ನಂತರ ಗೊತ್ತಾಯ್ತು, ಈ ಕಾಯಿಲೆಯ ಗಂಟು ಶುರುವಿನಲ್ಲಿ ನೋಯುವುದೇ ಕಡಿಮೆ.) ಅಷ್ಟಮಿ ಮುಗಿಯಲಿ ಅಂದುಕೊಂಡೆ. ಚೌತಿ ಮುಗಿಯಲಿ, ಮಕ್ಕಳ ಅರ್ಧವಾರ್ಷಿಕ ಪರೀಕ್ಷೆ ಮುಗಿಯಲಿ... ದೀಪಾವಳಿ ಎಣ್ಣೆಸ್ನಾನದ ದಿನ ಮುಟ್ಟಿ ನೋಡಿದರೆ ನೆಲ್ಲಿಕಾಯಿಯಷ್ಟಾಗಿತ್ತು. ಅವತ್ತು ರಾತ್ರಿ ಇವರಿಗೆ ಹೇಳಿದೆ. ಇವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ನನ್ನ ಹತ್ತಿರವೂ ಹೇಳ್ಬಾರ್ದಿತ್ತಾ?" ಅಂತ ಮಾತ್ರ ಕೇಳಿದರು. ನಾಲ್ಕು ತಿಂಗಳು! ತರಗತಿಯಲ್ಲಿ ದಿನಕ್ಕೆ ಹತ್ತು ಸಲ "ಬಾಯಿ ಬಿಟ್ಟು ಓದು ಮಾರಾಯ್ತಿ, ಹಿಂದಿನ ಬೆಂಚಿಗೆ ಕೇಳ್ಬೇಕು" ಅನ್ನುವ ಟೀಚರ್ ನಾನು.

ಹಿರಿಯಡ್ಕ, ಪರ್ಕಳ ದಾಟಿ ಮಣಿಪಾಲಕ್ಕೆ ಓಡಾಟ ಶುರುವಾಯ್ತು. ಮ್ಯಾಮೋಗ್ರಾಂ, ಬಯಾಪ್ಸಿ, ಡಿಸೆಂಬರಿನಲ್ಲಿ ಆಪರೇಷನ್. ಎಡಬದಿಯ ಸ್ತನದ ಜೊತೆಗೆ ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಮೂರು ಗ್ರಂಥಿಗಳಲ್ಲಿ ಕಾಯಿಲೆ ಇತ್ತು. ಆಟಿಯಲ್ಲೇ ಬಂದಿದ್ದರೆ ಅಲ್ಲಿಗೆ ಹೋಗುತ್ತಿರಲಿಲ್ಲವಾ ಅಂತ ಡಾಕ್ಟರನ್ನು ಕೇಳಿದೆ. "ಅದನ್ನು ಯಾರೂ ಹೇಳ್ಲಿಕ್ಕಾಗುವುದಿಲ್ಲ, ಈಗ ಮುಂದಿನದ್ದು ನೋಡುವ" ಅಂದರು. ಒಳ್ಳೆಯವರು. ಆದರೆ ಆ ಪ್ರಶ್ನೆ ಇವತ್ತಿಗೂ ನನ್ನ ಜೊತೆಗೇ ಮಲಗುತ್ತದೆ, ಜೊತೆಗೇ ಏಳುತ್ತದೆ.

ಆಮೇಲೆ 21 ದಿನಕ್ಕೊಮ್ಮೆ ಕೀಮೋ, ಒಟ್ಟು ಎಂಟು. ಮೊದಲ ನಾಲ್ಕು ಆ ಕೆಂಪು ಮದ್ದು. ಮೂತ್ರವೂ ಕೆಂಪು. ಮೂರನೇ ವಾರಕ್ಕೆ ಬಾಚಣಿಗೆಯಲ್ಲಿ ಕೂದಲು ಹಿಡಿಹಿಡಿಯಾಗಿ ಬಂತು. ಕೊನೆಯ ನಾಲ್ಕರಲ್ಲಿ ಬೆರಳ ತುದಿ ಜೋಮು ಹಿಡಿದು ಸೀಮೆಸುಣ್ಣ, ಸೂಜಿ ಏನೂ ನಿಲ್ಲುತ್ತಿರಲಿಲ್ಲ. ನಂತರ ರೇಡಿಯೇಶನ್. ಈಗ ದಿನಕ್ಕೊಂದು ಟಾಮಾಕ್ಸಿಫೆನ್ ಮಾತ್ರೆ, ಕನಿಷ್ಠ ಐದು ವರ್ಷ. ಇಷ್ಟು ಸಾಕು, ಹೊಟ್ಟೆ ತೊಳಸಿದ ಕಥೆಯೆಲ್ಲ ಬರೆದು ನಿಮ್ಮ ಊಟ ಕೆಡಿಸುವುದಿಲ್ಲ.

ಹೇಳಬೇಕಾದದ್ದು ಬೇರೆ ಇದೆ. ಆಪರೇಷನ್ ಆಗಿ ಮನೆಗೆ ಬಂದಾಗ ನೆಂಟರೊಬ್ಬರು ಬಾಗಿಲು ಹಾಕಿ ಪಿಸುಗುಟ್ಟಿದರು: "ಯಾರಿಗೂ ಹೇಳಬೇಡ. ಮಗಳ ಮದುವೆ ಆಗ್ಬೇಕಲ್ಲ." ನಾನೂ ಒಪ್ಪಿಕೊಂಡೆ. ಫೋನ್ ಮಾಡಿದವರಿಗೆಲ್ಲ "ಎದೆಯದ್ದು ಒಂದು ಆಪರೇಷನ್" ಅಂದೆ. ಮುಂಬಯಿಯ ಚಿಕ್ಕಮ್ಮ ಗಾಬರಿಯಾಗಿ "ಬೈಪಾಸಾ?" ಅಂತ ಕೇಳಿದರು! ನಗು ಬಂತು. ಹೊಲಿಗೆ ಎಳೆಯಿತು :-)

ನಾನು ಕನ್ನಡ ಟೀಚರ್. ಮೊಲೆ ಅನ್ನುವುದು ನಮ್ಮ ಹಳೆಯ ಕಾವ್ಯಗಳಲ್ಲೆಲ್ಲ ಧಾರಾಳವಾಗಿ ಇರುವ ಶಬ್ದ. ಬಾಣಂತಿ ಮನೆಯಲ್ಲಿ ಮೊಲೆಹಾಲು ಅಂತ ಯಾರಿಗೂ ಅಳುಕಿಲ್ಲದೆ ಹೇಳುತ್ತೇವೆ. ಅದೇ ಅಂಗಕ್ಕೆ ಕಾಯಿಲೆ ಬಂದರೆ ಮಾತ್ರ ಶಬ್ದವೇ ಇಲ್ಲ. ಹೆಸರು ಹೇಳಲಾಗದ ಜಾಗದಲ್ಲಿ ಗಂಟು ಬಂದರೆ ಹೆಂಗಸು ಯಾರ ಹತ್ತಿರ, ಹೇಗೆ ಹೇಳಬೇಕು?

ಗುಟ್ಟು ಬಯಲಾದದ್ದು ಪಕ್ಕದ ಮನೆಯ ಬಾಯಮ್ಮನಿಂದ. ಅವರದ್ದು ಮಲ್ಲಿಗೆ ಕೃಷಿ. ರಜೆ ದಿನ ಬೆಳಿಗ್ಗೆ ಅವರ ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಮೊಗ್ಗು ಕಟ್ಟಿಕೊಡುವುದು ನನ್ನ ಹಳೆಯ ರೂಢಿ. ಕೂದಲು ಹೋದ ತಲೆಗೆ ಶಾಲು ಸುತ್ತಿಕೊಂಡು ಹೋದೆ. ಜೋಮು ಹಿಡಿದ ಬೆರಳಿಗೆ ಮೊಗ್ಗು ಸಿಕ್ಕಿದ್ದೇ ಗೊತ್ತಾಗುತ್ತಿರಲಿಲ್ಲ. ಚೆಂಡಿಗೆ 800 ಮೊಗ್ಗು ಬೇಕು, ನಾನು ಹತ್ತು ಕಟ್ಟುವಷ್ಟರಲ್ಲಿ ಸೋತೆ. ಬಾಯಮ್ಮ ನನ್ನ ಕೈಯಿಂದ ನಾರು ತೆಗೆದುಕೊಂಡು "ಟೀಚರಮ್ಮ, ಎಂಥ ಅಂತ ಹೇಳಿ" ಅಂದರು. ಅತ್ತುಬಿಟ್ಟೆ. ಎಲ್ಲ ಹೇಳಿದೆ. ಅವರು ಕೇಳಿ ಮುಗಿಸಿ, "ನನ್ನ ಅಕ್ಕನಿಗೂ ಅದೇ. ಹನ್ನೆರಡು ವರ್ಷ ಆಯ್ತು. ಚೆನ್ನಾಗಿದ್ದಾಳೆ. ನಾವೂ ಯಾರಿಗೂ ಹೇಳ್ಲಿಲ್ಲ" ಅಂದರು.

ಮರುದಿನದಿಂದ ಮನೆಗೆ ಗಂಜಿ, ಚಟ್ನಿ, ಬಸಳೆ ಸಾರು ಬರತೊಡಗಿತು. ಅದರ ಜೊತೆಗೆ ಕಥೆಗಳೂ ಬಂದವು. ಒಬ್ಬರ ಅತ್ತಿಗೆ, ಒಬ್ಬರ ತಾಯಿ, ಇನ್ನೊಬ್ಬರದ್ದು ಗರ್ಭಕೋಶ. ಕನ್ನಡದ ಲೇಖಕಿ ಬಿ.ವಿ. ಭಾರತಿ ತಮ್ಮ ಸ್ತನ ಕ್ಯಾನ್ಸರಿನ ಅನುಭವ ಬರೆದ ಪುಸ್ತಕಕ್ಕೆ 'ಸಾಸಿವೆ ತಂದವಳು' ಅಂತ ಹೆಸರಿಟ್ಟಿದ್ದಾರೆ. ಬುದ್ಧ ಕಿಸಾಗೋತಮಿಗೆ ಸಾವಿಲ್ಲದ ಮನೆಯಿಂದ ಸಾಸಿವೆ ತಾ ಅಂದ ಕಥೆ ನಿಮಗೆ ಗೊತ್ತೇ ಇದೆ. ನನಗೆ ಸಾಸಿವೆ ಕೇಳಲು ಮನೆ ಮನೆಗೆ ಹೋಗುವ ಕೆಲಸವೇ ಬೀಳಲಿಲ್ಲ. ಒಮ್ಮೆ ಬಾಯಿ ಬಿಟ್ಟೆ, ಅಷ್ಟೇ. ನಮ್ಮ ರಸ್ತೆಯ ಮನೆಗಳೆಲ್ಲ ತಾವಾಗಿಯೇ ಬಂದು ಹೇಳಿಕೊಂಡವು.

ನಾನು ಕಲಿತದ್ದು ಏನಾದರೂ ಇದ್ದರೆ ಇಷ್ಟೇ. ನೋವಾದರೆ ನೋವು ಅನ್ನುವುದು, ಒಲೆ ಮುಂದೆ ನಿಲ್ಲಲಾಗದಿದ್ದರೆ "ಇವತ್ತು ನೀವೇ ಮಾಡಿ" ಅನ್ನುವುದು. ಗ್ರಂಥಿ ತೆಗೆದ ಬದಿಯ ಕೈಗೆ ಬಿಪಿ ಪಟ್ಟಿ ಕಟ್ಟಲು ಬಂದವರಿಗೆ "ಆ ಕೈಗೆ ಬೇಡ, ಈ ಕೈ" ಅನ್ನುವುದು. ಇಷ್ಟು ಕಲಿಯಲು ಕ್ಯಾನ್ಸರ್ ಬೇಕಾಗಿರಲಿಲ್ಲ. ಹೆಣ್ಣುಮಕ್ಕಳಿಗೆ ಚಿಕ್ಕಂದಿನಲ್ಲೇ ಮನೆಯಲ್ಲಿ ಕಲಿಸಬಹುದಿತ್ತು. ನಾವು ಕಲಿಸಿದ್ದು ಸಹಿಸಿಕೊಳ್ಳುವುದನ್ನು.

ಇದು ಬರೀ ನಮ್ಮ ಊರಿನ ಸಂಗತಿಯೂ ಅಲ್ಲ. ಭಾರತದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. 2022ರ ಒಂದೇ ವರ್ಷದಲ್ಲಿ ಸುಮಾರು 1.92 ಲಕ್ಷ ಹೊಸ ಪ್ರಕರಣ, 98 ಸಾವಿರ ಸಾವು ಅಂತ ಅಂತಾರಾಷ್ಟ್ರೀಯ ಅಂದಾಜು. ಬೇಗ ಕಂಡುಹಿಡಿಯಲು ದೊಡ್ಡ ಯಂತ್ರವೇ ಬೇಕು ಅಂತಿಲ್ಲ. ಮುಂಬಯಿಯಲ್ಲಿ 1998ರಿಂದ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಒಂದೂವರೆ ಲಕ್ಷ ಹೆಂಗಸರ ಮೇಲೆ ಅಧ್ಯಯನ ನಡೆಸಿದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರೀ ಕೈಯಿಂದ ಪರೀಕ್ಷೆ ಮಾಡುತ್ತಿದ್ದರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ 50 ದಾಟಿದವರಲ್ಲಿ ಈ ಕಾಯಿಲೆಯ ಸಾವು ಶೇಕಡಾ 30ರ ಹತ್ತಿರ ಕಡಿಮೆಯಾಗಿತ್ತು. ಪಳಗಿದ ಕೈ ಮತ್ತು ನಾಚಿಕೆ ಬಿಟ್ಟ ಬಾಯಿ, ಎರಡಕ್ಕೂ ಇಷ್ಟು ಶಕ್ತಿ ಇದೆ.

ಬದಲಾವಣೆ ಆಗುತ್ತಲೂ ಇದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಬಹಳ ಕಾಲ ಸೇವೆ ಮಾಡಿದ ಕಲಬುರಗಿಯ ಡಾ. ವಿಜಯಲಕ್ಷ್ಮಿ ದೇಶಮಾನೆಯವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಅತ್ತೆ ಜಗಲಿಯಲ್ಲಿ ಕೂತು ಪೇಪರ್ ಓದಿದರು. ಸ್ತನ ಕ್ಯಾನ್ಸರ್ ಅನ್ನುವಲ್ಲಿ ಒಂದು ಕ್ಷಣ ನಿಂತರು. ಆಮೇಲೆ ಜೋರಾಗಿಯೇ ಓದಿದರು. ಮಾವ ಅಲ್ಲೇ ಅಡಿಕೆ ಸುಲಿಯುತ್ತಿದ್ದರು. ಆಕಾಶ ಏನೂ ಕೆಳಗೆ ಬೀಳಲಿಲ್ಲ :-)

ಮಗಳೂ ಅಷ್ಟೇ. ನೋಡಲು ಬಂದ ಗಂಡಿನ ಮನೆಯವರ ಮುಂದೆ "ನನ್ನ ಅಮ್ಮನಿಗೆ ಬ್ರೆಸ್ಟ್ ಕ್ಯಾನ್ಸರ್ ಆಗಿತ್ತು" ಅಂತ ಅವಳೇ ಹೇಳಿದಳು. ಅವರು ಮತ್ತೆ ಫೋನ್ ಮಾಡಲಿಲ್ಲ. ನನಗೆ ಎರಡು ದಿನ ಅನ್ನ ಸೇರಲಿಲ್ಲ. ಅವಳು ಮಾತ್ರ "ಒಳ್ಳೆದಾಯ್ತಮ್ಮ, ಮೊದಲೇ ಗೊತ್ತಾಯ್ತು" ಅಂದಳು. ಹಾಗಾಗಿ ಬಾಯಿ ಬಿಟ್ಟರೆ ಎಲ್ಲ ಸರಿಯಾಗುತ್ತದೆ ಅಂತ ನಾನು ಹೇಳುವುದಿಲ್ಲ. ಬೆಲೆ ಕೊಡಬೇಕಾಗುತ್ತದೆ. ಆದರೆ ಸುಮ್ಮನಿದ್ದ ನಾಲ್ಕು ತಿಂಗಳಿಗೆ ನಾನು ಕೊಟ್ಟ ಬೆಲೆ ಅದಕ್ಕಿಂತ ಹೆಚ್ಚು.

ಕಳೆದ ಜೂನಿನಲ್ಲಿ ಶಾಲೆಗೆ ವಾಪಸಾದೆ. ಗಿಡ್ಡ ಗುಂಗುರು ಕೂದಲು ನೋಡಿ ಮಕ್ಕಳು ಗುಸುಗುಸು ಅಂದರು. ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ಕಾಯಿಲೆಯ ಹೆಸರು ಹಿಡಿದೇ ಹೇಳಿದೆ. ವಾರ ಕಳೆದ ಮೇಲೆ ಒಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ಪಾಠ ಓದಿಸಿದರೆ ದನಿಯೇ ಹೊರಡದ ಹುಡುಗಿ. "ಟೀಚರ್, ನನ್ನ ಅಮ್ಮನಿಗೂ ಒಂದು ಗಂಟು ಉಂಟಂತೆ. ಯಾರಿಗೂ ಹೇಳ್ಬೇಡ ಅಂದಿದ್ದಾರೆ." ಆ ತಾಯಿಯನ್ನು ಕರೆದುಕೊಂಡು ನಾನೇ ಕಾರ್ಕಳಕ್ಕೆ ಹೋದೆ. ಪರೀಕ್ಷೆಯಲ್ಲಿ ಅಪಾಯವಿಲ್ಲದ ಗಂಟು ಅಂತ ಬಂತು. ಹೆಚ್ಚಿನ ಗಂಟುಗಳು ಹಾಗೆಯೇ ಇರುತ್ತವೆ. ಬಸ್ಸಿನಲ್ಲಿ ವಾಪಸ್ ಬರುವಾಗ ಅವರು ನನ್ನ ಕೈ ಹಿಡಿದುಕೊಂಡೇ ಕೂತಿದ್ದರು.

ಓದುತ್ತಿರುವ ನೀವು ಗಂಡಸರಾದರೂ ಸರಿ, ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಮಳೆ ಹೇಗುಂಟು, ಅಡಿಕೆಗೆ ರೇಟು ಎಷ್ಟು ಅಂತ ಕೇಳಿದ ಮೇಲೆ ಅಮ್ಮನ ಹತ್ತಿರ, ಅಕ್ಕನ ಹತ್ತಿರ ಇದನ್ನೂ ಒಮ್ಮೆ ಕೇಳಿ. ಮೊದಲ ಸಲ ನಾಲಗೆ ತಡವರಿಸುತ್ತದೆ. ಎರಡನೇ ಸಲ ಅಷ್ಟಿಲ್ಲ.