ಮಾತ್ರೆ ಊರಿಗೆ ಬಂತು, ವ್ಯಾಯಾಮ ಕಲಿಸುವವರು ಯಾವಾಗ?

ನಮ್ಮಜ್ಜಿಗೆ ಬಿಪಿ, ಶುಗರ್ ಎರಡೂ ಇವೆ. ಮಾತ್ರೆ ಊರಿನ ಉಪಕೇಂದ್ರದಲ್ಲೇ ಸಿಗುತ್ತದೆ. ಆದರೆ ಮಂಡಿನೋವಿಗೆ ವ್ಯಾಯಾಮ ಕಲಿಯಲು ಪೇಟೆಗೆ ಹೋಗಬೇಕು. ಎರಡು ಬಸ್ಸು, ಜೊತೆಗೆ ಹೋದವರ ಒಂದು ದಿನದ ಕೂಲಿ ಖೋತಾ. ಎರಡು ಸಲ ಹೋಗಿ ಅಜ್ಜಿ ಬಿಟ್ಟೇಬಿಟ್ಟಳು. ಈಗ ದಿನವಿಡೀ ಜಗಲಿಯೇ ಗತಿ.

"ಹೊಲದಲ್ಲಿ ದುಡಿದ ಮೈ ಇದು, ನನಗೆಂಥಾ ವ್ಯಾಯಾಮ?" ಅನ್ನುತ್ತಾಳೆ. ನಿಮ್ಮ ಮನೆಯ ಹಿರಿಯರೂ ಹೀಗೇ ಅನ್ನಬಹುದು. ಆದರೆ ಹಿಂದೆ ದುಡಿದದ್ದು ಇವತ್ತಿನ ಕಾಲಿಗೆ ಬಲ ಕೊಡುವುದಿಲ್ಲ. ಕೂತಲ್ಲೇ ಕೂತರೆ ಸ್ನಾಯು ಸೊರಗುತ್ತದೆ, ಬೀಳುವ ಅಪಾಯ ಹೆಚ್ಚುತ್ತದೆ, ಶುಗರ್ ಹತೋಟಿಯೂ ಕಷ್ಟ. 65 ದಾಟಿದವರೂ ಶಕ್ತಿ ಇದ್ದಷ್ಟು ಓಡಾಡಬೇಕು, ಆದರೆ ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಬೇಕು, 3 ದಿನವಾದರೂ ದೇಹದ ಸಮತೋಲನಕ್ಕೆ ವ್ಯಾಯಾಮ ಮಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಇದಕ್ಕೆ ಯಂತ್ರ ಬೇಡ. ಕುರ್ಚಿಯಿಂದ ಎದ್ದು ಕೂರುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು ಸಾಕು. ಆದರೆ ಲಕ್ವ ಹೊಡೆದವರಿಗೆ, ಹೃದಯದ ತೊಂದರೆ ಇರುವವರಿಗೆ, ಮಂಡಿ ಸವೆದವರಿಗೆ ಯಾವುದು, ಎಷ್ಟು ಎಂದು ಬಲ್ಲವರೇ ನೋಡಿ ಹೇಳಬೇಕು.

ಹಾಗಾಗಿ ತಿಂಗಳಿಗೊಮ್ಮೆಯಾದರೂ ಫಿಸಿಯೋಥೆರಪಿಸ್ಟ್ ನಮ್ಮ ಉಪಕೇಂದ್ರಕ್ಕೆ ಬರಲಿ. ಉಳಿದ ದಿನ ಶಾಲೆಯ ಅಂಗಳದಲ್ಲೋ ಗುಡಿಯ ಮುಂದೋ ಹಿರಿಯರು ಒಟ್ಟಿಗೆ ಸೇರಿ ಮಾಡಲಿ. ಒಬ್ಬರೇ ಮಾಡಿದರೆ ಬೇಸರ, ನಾಲ್ವರು ಸೇರಿದರೆ ಹರಟೆಯೂ ಆಗುತ್ತದೆ. ಇದನ್ನು ನಡೆಸುವ ಹೊಣೆ ಆಶಾ ಅಕ್ಕಂದಿರಿಗೆ ಕೊಟ್ಟರೆ ಪ್ರತ್ಯೇಕ ಗೌರವಧನವನ್ನೂ ಕೊಡಲಿ, ಬಿಟ್ಟಿ ದುಡಿಸುವುದು ಬೇಡ.

ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಜೊತೆ ಇದನ್ನೂ ಕೇಳಿ, ನಡಾವಳಿಯಲ್ಲಿ ಬರೆಸಿ.