ಉಣ್ಣೆಗೆ ಗೊತ್ತೇ ಗಡಿ ಕಲ್ಲು?

ಕಾಡೊಳಗೆ ದನ ಬಿಡಬೇಕೋ ಬೇಡವೋ ಎಂಬ ಜಗಳ ಚಾಮರಾಜನಗರ ಜಿಲ್ಲೆಗೆ ಹೊಸದಲ್ಲ. 2025ರ ಜೂನ್‌ನಲ್ಲಿ ಮಲೆಮಹದೇಶ್ವರ ಬೆಟ್ಟದ ಕಾಡಿನಲ್ಲಿ ವಿಷ ಬೆರೆತ ಹಸುವಿನ ಮಾಂಸ ತಿಂದು ಐದು ಹುಲಿ ಸತ್ತ ಮೇಲೆ ಅದು ಮತ್ತೂ ಜೋರಾಯಿತು. ಅರಣ್ಯ ಮಂತ್ರಿಗಳು ದನ ಬಿಡಕೂಡದು ಅಂದರು. ದನ ಸಾಕುವವರು ಬೀದಿಗಿಳಿದರು. ಹುಲಿಯ ಮಾತಾಯ್ತು, ಮೇವಿನ ಮಾತಾಯ್ತು. ಹಿಂದೆ ಉಳಿದದ್ದು ಉಣ್ಣೆಯ ಮಾತು.

ಉಣ್ಣೆ ರಕ್ತ ಹೀರುವುದು ಚಿಲ್ಲರೆ ಕಳ್ಳತನ. ಹೀರುವಾಗ ಅದು ಇಳಿಸಿ ಹೋಗುವ ಸರಕೇ ಬೇರೆ. ಬೆಬೀಸಿಯಾ, ಥೈಲೇರಿಯಾ ಎಂಬ ಕಣ್ಣಿಗೆ ಕಾಣದ ಜೀವಿಗಳು ಅದರ ಜೊಲ್ಲಿನ ಜೊತೆ ಒಳಗೆ ಹೋಗಿ ಕೆಂಪು ರಕ್ತಕಣದಲ್ಲೇ ಮನೆ ಮಾಡುತ್ತವೆ. ಜ್ವರ ಏರುತ್ತದೆ, ಹಸು ಮೇವು ಬಿಡುತ್ತದೆ. ಬೆಬೀಸಿಯಾ ಆದರೆ ಗಂಜಲ ಕಾಫಿ ಬಣ್ಣಕ್ಕೆ ತಿರುಗುತ್ತದೆ. ನಾಟಿ ದನ ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಸಾಲ ಮಾಡಿ ತಂದ ಸೀಮೆಹಸು ಮಲಗಿತೋ, ಡೇರಿಗೆ ಹಾಲೂ ಇಲ್ಲ, ಅಂಗಡಿ ಬಾಕಿಯೂ ತೀರುವುದಿಲ್ಲ.

ಕಾಡಿನ ಜಿಂಕೆ, ಕಡವೆಗಳ ರಕ್ತದಲ್ಲೂ ಇಂಥ ಜೀವಿಗಳಿವೆ. ಸಾಮಾನ್ಯವಾಗಿ ಅವು ಸುಮ್ಮನಿರುತ್ತವೆ. ಬರಗಾಲದ ಹಸಿವು, ಹಿಡಿದು ಸಾಗಿಸುವಾಗಿನ ಗಾಬರಿ ಬಂದಾಗ ತಲೆ ಎತ್ತುತ್ತವೆ. ಜಿಂಕೆಯಲ್ಲಿ ಕಂಡ ಥೈಲೇರಿಯಾ ಹಸುವಿನದೇ ಆಗಿರಬೇಕೆಂದಿಲ್ಲ, ಜಾತಿ ಬೇರೆ ಇರಬಹುದು. ಆದರೆ ಉಣ್ಣೆ ಇಬ್ಬರಿಗೂ ನೆಂಟ. ರಕ್ತ ಕುಡಿದು ಉಬ್ಬಿದ ಹೆಣ್ಣುಣ್ಣೆ ನೆಲಕ್ಕುದುರಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಮರಿಗಳು ಹುಲ್ಲಿನ ತುದಿಯಲ್ಲಿ ಬಸ್ಸಿಗೆ ಕಾದವರಂತೆ ಕೂತಿರುತ್ತವೆ. ಬಂದದ್ದು ಹಸುವೋ ಕಡವೆಯೋ, ಹತ್ತಿಕೊಳ್ಳುವುದಷ್ಟೇ ಅವಕ್ಕೆ ಗೊತ್ತು.

ಇದರ ಪಾಠ ಅಮೆರಿಕಕ್ಕೆ ಎಂದೋ ಆಗಿದೆ. ದನಗಳ ಟೆಕ್ಸಾಸ್ ಜ್ವರ ಹರಡುವುದು ಉಣ್ಣೆಯಿಂದಲೇ ಎಂದು ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬ ವಿಜ್ಞಾನಿಗಳು 1893ರಲ್ಲೇ ತೋರಿಸಿಕೊಟ್ಟರು. 1906ರಿಂದ ಅಲ್ಲಿಯವರು ದನಗಳನ್ನು ಔಷಧದ ತೊಟ್ಟಿಯಲ್ಲಿ ಮುಳುಗಿಸಿ ಎಬ್ಬಿಸಿ, 1943ರ ಹೊತ್ತಿಗೆ ಮೆಕ್ಸಿಕೋ ಗಡಿಯ ಒಂದು ಪಟ್ಟಿ ಬಿಟ್ಟು ಉಳಿದೆಡೆ ಆ ಉಣ್ಣೆಯನ್ನು ಓಡಿಸಿದರು. ಕೆಲಸ ಮುಗಿಯಿತೇ? ಇಲ್ಲ. ಟೆಕ್ಸಾಸಿನಲ್ಲಿ ಬಿಳಿಬಾಲದ ಜಿಂಕೆ ಅದನ್ನು ಹೊತ್ತು ತಿರುಗಿತು. ಜೊತೆಗೆ ನಮ್ಮ ದೇಶದ ಮೂಲದ ನೀಲಗಾಯಿ! ದನವನ್ನು ತೊಟ್ಟಿಗೆ ಇಳಿಸಬಹುದು ಸ್ವಾಮಿ, ಕಾಡು ಜಿಂಕೆಯನ್ನು ಇಳಿಸುವವರು ಯಾರು?

ಆದ್ದರಿಂದ ಕೈಗೆಟಕುವ ದನದಿಂದಲೇ ಕೆಲಸ ಶುರುವಾಗಬೇಕು. ಕಾಡಿಗೆ ದನ ಬೇಡ ಎಂದು ಬೋರ್ಡು ಹಾಕಿದರೆ ಸಾಲದು. ರಾತ್ರಿ ಜಿಂಕೆಯೇ ಹೊಲಕ್ಕೆ ಬರುತ್ತದೆ. ಕಾಡಂಚಿನ ಊರುಗಳಲ್ಲಿ ಒಬ್ಬರ ದನಕ್ಕೆ ಔಷಧ ಹಾಕಿ ಪಕ್ಕದವರದು ಬಿಟ್ಟರೆ ನೀರಲ್ಲಿ ಹೋಮ. ಇಡೀ ಊರಿನ ದನಕ್ಕೆ ಒಟ್ಟಿಗೇ ಆಗಬೇಕು. ಕೊಟ್ಟಿಗೆಯ ಬಿರುಕು ಮುಚ್ಚಬೇಕು. ಒಂದೇ ಔಷಧ ಬಳಸುತ್ತಿದ್ದರೆ ಉಣ್ಣೆ ಅದಕ್ಕೆ ಪಳಗಿಬಿಡುತ್ತದೆ, ಡಾಕ್ಟರನ್ನು ಕೇಳಿ ಬದಲಿಸಬೇಕು. ಸೀಮೆಹಸುವಿಗೆ ಥೈಲೇರಿಯಾ ಲಸಿಕೆ ಇದೆ, ಅದು ಊರಿಗೆ ಮುಟ್ಟಬೇಕು. ಕಾಡಲ್ಲಿ ಸತ್ತ ಜಿಂಕೆಯ ರಕ್ತದ ಪರೀಕ್ಷೆ ಏನು ಹೇಳಿತು ಎಂಬುದು ಊರಿನ ಪಶುವೈದ್ಯರಿಗೂ ತಿಳಿಯಬೇಕು.

ಅರಣ್ಯ ಇಲಾಖೆಗೆ ಜಿಂಕೆ, ಪಶುಪಾಲನಾ ಇಲಾಖೆಗೆ ಹಸು ಎಂದು ಫೈಲು ಬೇರೆ ಬೇರೆ ಇರಲಿ. ಉಣ್ಣೆಯ ಫೈಲು ಮಾತ್ರ ಒಂದೇ ಆಗಲಿ.