ಮಾದರಿಯೋ, ಗೊಂಬೆಯೋ?

ಹಳೆಯ ಗಣಕಯಂತ್ರದ ಟರ್ಮಿನಲ್ಲನ್ನು ಅಳತೆ ಕುಗ್ಗಿಸಿ ಪುನಃ ನಿರ್ಮಿಸುವ ಹವ್ಯಾಸವು ಇಂದು ಹಲವು ದೇಶಗಳಲ್ಲಿ ಕಂಡುಬರುತ್ತದೆ. ನಮ್ಮ ತಣಿಸಂದ್ರದ ವಿದ್ಯಾರ್ಥಿಗಳೂ ವಿಜ್ಞಾನ ಪ್ರದರ್ಶನಕ್ಕಾಗಿ ಇಂತಹ ಕೆಲಸಕ್ಕೆ ಕೈಹಾಕುವುದಾದರೆ ಅದು ಸ್ತುತ್ಯವೇ ಸರಿ. ಆದರೆ ಹೊರರೂಪವನ್ನು ಮಾತ್ರ ಅನುಕರಿಸಿದ ವಸ್ತು ಗೊಂಬೆ. ಕಾರ್ಯವಿಧಾನವನ್ನೂ ಉಳಿಸಿಕೊಂಡ ವಸ್ತು ಮಾದರಿ. ವಿಜ್ಞಾನದ ವಿದ್ಯಾರ್ಥಿಯು ಕಟ್ಟತಕ್ಕದ್ದು ಮಾದರಿಯನ್ನು ಎಂಬುದು ನನ್ನ ಅಭಿಪ್ರಾಯ.

ಟರ್ಮಿನಲ್ ಎಂಬುದು ಸ್ವತಃ ಗಣಕಯಂತ್ರವಲ್ಲ. ಒಂದೇ ದೊಡ್ಡ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದ ಕಾಲದಲ್ಲಿ, ತಂತಿಯ ಮೂಲಕ ಅದರೊಡನೆ ವ್ಯವಹರಿಸಲು ಪ್ರತಿಯೊಬ್ಬರ ಮುಂದಿದ್ದ ಕೀಲಿಮಣೆ ಮತ್ತು ಪರದೆಗಳೇ ಅದು. ಇವುಗಳಲ್ಲಿ ಬಹು ಪ್ರಸಿದ್ಧವಾದುದು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1978ರಲ್ಲಿ ಹೊರತಂದ ವಿಟಿ-100. ಅದರ 12 ಅಂಗುಲದ ಪರದೆಯಲ್ಲಿ ಸಾಲಿಗೆ 80ರಂತೆ 24 ಸಾಲುಗಳು, ಎಂದರೆ 1,920 ಅಕ್ಷರಗಳು ಹಿಡಿಸುತ್ತಿದ್ದವು.

ಇದನ್ನು ಅರ್ಧ ಅಳತೆಗೆ ಇಳಿಸಿದೆವೆನ್ನೋಣ. ಉದ್ದವು ಅರ್ಧವಾದರೆ ಪರದೆಯ ಕ್ಷೇತ್ರಫಲ ಕಾಲುಭಾಗವಾಗುತ್ತದೆ; ಪೆಟ್ಟಿಗೆಯ ಘನಫಲ ಅರೆಕಾಲು ಭಾಗವಾಗುತ್ತದೆ. ಮೂಲದಲ್ಲಿ ಸುಮಾರು 20 ಸೆಂಟಿಮೀಟರ್ ಅಗಲದಲ್ಲಿ 80 ಅಕ್ಷರಗಳಿದ್ದುದರಿಂದ ಒಂದೊಂದಕ್ಕೆ ಎರಡೂವರೆ ಮಿಲಿಮೀಟರ್ ಸ್ಥಳ ದೊರೆಯುತ್ತಿತ್ತು; ಮಾದರಿಯಲ್ಲಿ ಒಂದೂಕಾಲು ಮಿಲಿಮೀಟರ್ ಮಾತ್ರ. ಯಂತ್ರ ಕುಗ್ಗಿತೆಂದು ನೋಡುವವರ ಕಣ್ಣು ಕುಗ್ಗುವುದಿಲ್ಲವಷ್ಟೆ! ಹಾಗೆಂದು ಅಕ್ಷರಗಳ ಸಂಖ್ಯೆಯನ್ನು ಇಳಿಸಿದರೆ, 80 ಅಕ್ಷರಗಳ ಸಾಲಿಗಾಗಿ ಬರೆದ ಕ್ರಮವಿಧಿಗಳು ಅಸ್ತವ್ಯಸ್ತವಾಗುತ್ತವೆ. ಪರದೆಯ ಸಮೀಪಕ್ಕೆ ಬಂದು ಓದುವುದೇ ಲೇಸು.

ಇದಕ್ಕಿಂತ ಮುಖ್ಯವಾದುದು ಕಾಲ. ತಂತಿಯಲ್ಲಿ ಸೆಕೆಂಡಿಗೆ 300 ಬಿಟ್‌ಗಳು ಸಾಗಿದಾಗ, ಆರಂಭ ಮತ್ತು ಅಂತ್ಯದ ಗುರುತುಗಳೂ ಸೇರಿ ಅಕ್ಷರಕ್ಕೆ 10 ಬಿಟ್‌ಗಳಂತೆ, 30 ಅಕ್ಷರಗಳು ಬರುತ್ತವೆ. ಪರದೆ ತುಂಬಲು 64 ಸೆಕೆಂಡುಗಳು ಬೇಕು. ವೇಗ 9,600 ಬಿಟ್‌ಗಳಾದರೆ 2 ಸೆಕೆಂಡುಗಳು ಸಾಕು. ಪೆಟ್ಟಿಗೆಯನ್ನು ಎಷ್ಟು ಕುಗ್ಗಿಸಿದರೂ ಈ ಕಾಲವನ್ನು ಕುಗ್ಗಿಸಲಾಗದು. ಇಂದಿನ ಪರದೆಯೊಂದನ್ನು ಒಳಗಿಟ್ಟು, ಇಡೀ ಪುಟವನ್ನು ಕ್ಷಣಾರ್ಧದಲ್ಲಿ ತೋರಿಸಿದರೆ, ಹಿಂದಿನವರು ಆಜ್ಞೆಗಳನ್ನು ಎರಡು ಮೂರು ಅಕ್ಷರಗಳಲ್ಲಿಯೇ ಮುಗಿಸುತ್ತಿದ್ದುದೇಕೆ ಎಂಬುದು ವಿದ್ಯಾರ್ಥಿಗೆ ತಿಳಿಯುವ ಬಗೆ ಹೇಗೆ?

ಮೂಲೆಗೆ ಬಿದ್ದ ಯಂತ್ರಕ್ಕೆ ಇಷ್ಟೊಂದು ಶ್ರಮವೇಕೆ ಎಂದು ಕೆಲವರು ಕೇಳಬಹುದು. ನೆರೆಯ ನಾಗವಾರದ ಮಾನ್ಯತಾ ಟೆಕ್ ಪಾರ್ಕಿನಂತಹ ಕಡೆಗಳಲ್ಲಿ ಎಂಜಿನಿಯರುಗಳು ಆಜ್ಞೆಗಳನ್ನು ಬರೆಯುವ ಕಿಟಕಿಗೆ ಇಂದಿಗೂ ಟರ್ಮಿನಲ್ ಎಂದೇ ಹೆಸರು. ಪರದೆಯನ್ನು ಅಳಿಸಲು, ಸೂಚಕವನ್ನು ಸರಿಸಲು ವಿಟಿ-100 ಬಳಸುತ್ತಿದ್ದ, 27ನೆಯ ಸಂಕೇತದಿಂದ ಆರಂಭವಾಗುವ ಆಜ್ಞೆಗಳು ಅಲ್ಲಿ ಈಗಲೂ ನಡೆಯುತ್ತವೆ. ಯಂತ್ರ ಮರೆಯಾದರೂ ಅದರ ಭಾಷೆ ಉಳಿದಿದೆ. ಆ ಭಾಷೆಯನ್ನು ಬಳಸುವುದಷ್ಟನ್ನೇ ಕಲಿತು ಅದರ ಕಾರಣವನ್ನರಿಯದ ಪದವೀಧರರನ್ನು ನಾವು ಸಿದ್ಧಗೊಳಿಸಬೇಕೆ?

1965ರಲ್ಲಿ ಮೊದಲ ಪ್ರದರ್ಶನಾಂಗಣವನ್ನು ತೆರೆದ ನಮ್ಮ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ಮಕ್ಕಳು ಗುಂಡಿಯೊತ್ತಿ, ಯಂತ್ರ ಚಲಿಸುವುದನ್ನು ಕಂಡು ಕಲಿಯುತ್ತಾರೆ. ಅದೇ ಮಾರ್ಗವನ್ನು ಇಲ್ಲಿಯೂ ಹಿಡಿಯೋಣ. ಹೊರಕವಚ ರಟ್ಟಿನದಾದರೂ ಬಾಧಕವಿಲ್ಲ. ಪರದೆ ಮೊದಲಾದ ಬಿಡಿಭಾಗಗಳು ಎಸ್. ಪಿ. ರಸ್ತೆಯ ಅಂಗಡಿಗಳಲ್ಲಿ ದೊರೆಯುತ್ತವೆ. ಗಣಕವನ್ನು ಮಾತ್ರ ಪೆಟ್ಟಿಗೆಯೊಳಗೆ ಅಡಗಿಸದೆ ತಂತಿಯ ಆ ತುದಿಯಲ್ಲಿ ಎಲ್ಲರಿಗೂ ಕಾಣುವಂತೆ ಇಡಬೇಕು. ಬಳಿಕ ವೇಗವನ್ನು 300 ಬಿಟ್‌ಗಳಿಗೆ ನಿಲ್ಲಿಸಿ, ಗಡಿಯಾರ ಹಿಡಿದು, ಪರದೆ ತುಂಬುವ ಕಾಲವನ್ನು ಅಳೆಯಬೇಕು. ಅದು 64 ಸೆಕೆಂಡುಗಳಾದರೆ ವಿದ್ಯಾರ್ಥಿಯು ಕಟ್ಟಿದ್ದು ಮಾದರಿಯೇ ಸರಿ.